ಸೈಕೋಪಿಜಿ 2ರಿಂದ 3ಕ್ಕೆ: ಪೈಥಾನ್–ಪೋಸ್ಟ್‌ಗ್ರೆಸ್ ಕೋಡ್ ಬದಲಾಯಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಪೈಥಾನ್ ಪ್ರೋಗ್ರಾಂನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕ್ವೆರಿ ಕಳಿಸಬೇಕೆಂದರೆ ಹೆಚ್ಚಿನವರು ಇವತ್ತಿಗೂ ಬಳಸುತ್ತಿರುವುದು ಸೈಕೋಪಿಜಿ2 ಡ್ರೈವರನ್ನೇ. ಅದನ್ನು ಬುಡದಿಂದ ಹೊಸದಾಗಿ ಬರೆದ ಸೈಕೋಪಿಜಿ 3 ಬಿಡುಗಡೆಯಾದದ್ದು 2021ರ ಅಕ್ಟೋಬರ್‌ನಲ್ಲಿ. ಹಳೆಯದಕ್ಕೆ ದೋಷ ತಿದ್ದುಪಡಿಗಳು ಬರುತ್ತಿವೆ, ಆದರೆ ಹೊಸ ಸೌಲಭ್ಯಗಳೆಲ್ಲ ಸೇರುತ್ತಿರುವುದು 3ಕ್ಕೆ ಮಾತ್ರ. ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ 4.2ರಿಂದ, ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ 2.0ರಿಂದ ಹೊಸ ಡ್ರೈವರ್‌ಗೆ ಬೆಂಬಲವಿದೆ.

ಹೆಸರು ಬದಲಾಯಿಸಿ ಓಡಿಸಿದರೆ ಅರ್ಧ ಕೋಡ್ ಹಾಗೇ ನಡೆಯುತ್ತದೆ. ತೊಂದರೆ ಇರುವುದು ಉಳಿದರ್ಧದಲ್ಲಿ, ಮತ್ತು ಅದರ ಬಹುಪಾಲಿಗೆ ಬೇರು ಒಂದೇ. ಸೈಕೋಪಿಜಿ2 ನೀವು ಕೊಟ್ಟ ಮೌಲ್ಯಗಳನ್ನು ತಾನೇ ಕ್ವೆರಿಯ ಸಾಲಿನೊಳಗೆ ತುಂಬಿ, ಪೂರ್ತಿ ವಾಕ್ಯವನ್ನು ಸರ್ವರ್‌ಗೆ ಕಳಿಸುತ್ತಿತ್ತು. ಸರ್ವರ್‌ಗೆ ಕಾಣುತ್ತಿದ್ದದ್ದು ಕೈಯಲ್ಲಿ ಬರೆದಂಥ ಕ್ವೆರಿ. ಸೈಕೋಪಿಜಿ 3 ಹಾಗೆ ಮಾಡುವುದಿಲ್ಲ. ಮೌಲ್ಯ ಬರಬೇಕಾದ ಜಾಗ ತೋರಿಸುವ %ಎಸ್ ಇದ್ದಲ್ಲಿ $1, $2 ಎಂದು ಬರೆದು ಕ್ವೆರಿಯನ್ನು ಬೇರೆ, ಮೌಲ್ಯಗಳನ್ನು ಬೇರೆ ಕಳಿಸುತ್ತದೆ. ಎರಡನ್ನೂ ಜೋಡಿಸುವುದು ಸರ್ವರ್. ಈ ಒಂದು ಸಂಗತಿ ತಲೆಯಲ್ಲಿ ಕೂತರೆ ಮುಂದೆ ಬರುವ ಎರರ್‌ಗಳಲ್ಲಿ ಹೆಚ್ಚಿನವನ್ನು ನೋಡಿದ ಕೂಡಲೇ ಗುರುತಿಸಬಹುದು.

ಕೋಡ್ ತುಣುಕುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಕೀವರ್ಡ್‌ಗಳನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ.

ಹಂತ 1: ಹುಡುಕಿ, ಪಟ್ಟಿ ಮಾಡಿ

ಏನನ್ನೂ ಬದಲಾಯಿಸುವ ಮೊದಲು ಕೋಡ್‌ಬೇಸ್ ಪೂರ್ತಿ ಹುಡುಕಿ ಈ ಪದಗಳು ಎಲ್ಲೆಲ್ಲಿವೆ ಎಂದು ಬರೆದಿಟ್ಟುಕೊಳ್ಳಿ: ಎಕ್ಸ್‌ಟ್ರಾಸ್, ಎಕ್ಸಿಕ್ಯೂಟ್_ವ್ಯಾಲ್ಯೂಸ್, ಎಕ್ಸಿಕ್ಯೂಟ್_ಬ್ಯಾಚ್, ಕಾಪಿ_ಫ್ರಂ, ಕಾಪಿ_ಎಕ್ಸ್‌ಪರ್ಟ್, ಕಾಲ್‌ಪ್ರಾಕ್, ಮೊಗ್ರಿಫೈ, ಸೆಟ್_ಸೆಷನ್, ಪಿಜಿಕೋಡ್, ರಿಯಲ್‌ಡಿಕ್ಟ್‌ಕರ್ಸರ್. ಆಮೇಲೆ ಕ್ವೆರಿಗಳೊಳಗೆ ಇನ್ನೊಂದು ಸುತ್ತು ಹುಡುಕಿ: "ಇನ್ %ಎಸ್", "ಈಸ್ %ಎಸ್", "ಇಂಟರ್ವಲ್", "ಸೆಟ್ ", "ನೋಟಿಫೈ". ಎರಡನೆಯ ಸುತ್ತೇ ಮುಖ್ಯ. ಮೊದಲನೆಯ ಪಟ್ಟಿಯ ಹೆಸರುಗಳು ಹೊಸ ಡ್ರೈವರ್‌ನಲ್ಲಿ ಇಲ್ಲದಿದ್ದರೆ ಪೈಥಾನೇ ಹೇಳುತ್ತದೆ. ಎರಡನೆಯದರಲ್ಲಿ ಸಿಕ್ಕ ಕ್ವೆರಿಗಳು ಓಡುವ ತನಕ ಸುಮ್ಮನಿರುತ್ತವೆ. ತಿಂಗಳಿಗೊಮ್ಮೆ ಓಡುವ ವರದಿಯಲ್ಲಿ ಅಂಥದ್ದೊಂದು ಉಳಿದರೆ ತಿಂಗಳ ಕೊನೆಗೇ ಗೊತ್ತಾಗುವುದು.

ಹಂತ 2: ಪಕ್ಕಪಕ್ಕದಲ್ಲೇ ಇನ್‌ಸ್ಟಾಲ್ ಮಾಡಿ

ಹೊಸ ಪ್ಯಾಕೇಜಿನ ಹೆಸರು ಬರೀ "ಸೈಕೋಪಿಜಿ", ಕೊನೆಗೆ 3 ಇಲ್ಲ. ಇಂಪೋರ್ಟ್ ಮಾಡುವ ಹೆಸರೂ ಅದೇ. ಹಳೆಯದರ ಹೆಸರು ಸೈಕೋಪಿಜಿ2 ಆದ್ದರಿಂದ ಎರಡೂ ಒಂದೇ ಎನ್ವಿರಾನ್‌ಮೆಂಟ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಇದು ದೊಡ್ಡ ಅನುಕೂಲ, ಒಂದೊಂದೇ ಮಾಡ್ಯೂಲ್ ದಾಟಿಸಬಹುದು.

ಇನ್‌ಸ್ಟಾಲ್ ಮೂರು ಬಗೆ. ಚೌಕಾವರಣದಲ್ಲಿ "ಬೈನರಿ" ಎಂದು ಸೇರಿಸಿದರೆ ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಮೂಲ ಲೈಬ್ರರಿ ಲಿಬ್‌ಪಿಕ್ಯೂ ಒಳಗೇ ಬರುತ್ತದೆ, ಕಂಪೈಲರ್ ಬೇಡ. "ಸಿ" ಎಂದು ಸೇರಿಸಿದರೆ ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗುತ್ತದೆ, ಸಿಸ್ಟಮ್‌ನ ಲಿಬ್‌ಪಿಕ್ಯೂ ಬಳಸುತ್ತದೆ. ಪ್ರೊಡಕ್ಷನ್‌ಗೆ ಇದು ಒಳ್ಳೆಯದು, ಏಕೆಂದರೆ ಭದ್ರತಾ ಅಪ್‌ಡೇಟ್‌ಗಳು ಆಪರೇಟಿಂಗ್ ಸಿಸ್ಟಮ್ ಜೊತೆಗೇ ಬರುತ್ತವೆ. ಏನೂ ಸೇರಿಸದಿದ್ದರೆ ಶುದ್ಧ ಪೈಥಾನ್ ಆವೃತ್ತಿ: ನಿಧಾನ, ಆದರೂ ಲಿಬ್‌ಪಿಕ್ಯೂ ಇರಲೇಬೇಕು. "ಬೈನರಿ" ಆಯ್ದರೆ ಪಿಪ್ 20.3 ಅಥವಾ ಅದಕ್ಕಿಂತ ಹೊಸದಿರಲಿ.

ಇನ್‌ಸ್ಟಾಲ್ ಆದ ಮೇಲೆ ಪೈಥಾನ್ ತೆರೆದು ಎರಡು ವಿಷಯ ನೋಡಿಕೊಳ್ಳಿ. ಸೈಕೋಪಿಜಿ.ಪಿಕ್ಯೂ.__ಇಂಪ್ಲ್__ ಎಂಬುದು ಯಾವ ಬಗೆ ಓಡುತ್ತಿದೆ ಎನ್ನುತ್ತದೆ; ಸೈಕೋಪಿಜಿ.ಪಿಕ್ಯೂ.ವರ್ಷನ್() ಲಿಬ್‌ಪಿಕ್ಯೂ ಆವೃತ್ತಿ ಹೇಳುತ್ತದೆ. ಈ ಆವೃತ್ತಿ ಸಂಖ್ಯೆ ಮುಂದೆ ಎರಡು ಕಡೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಹಂತ 3: ಕನೆಕ್ಷನ್ ಮತ್ತು "ವಿತ್"

ಕನೆಕ್ಟ್ ಕರೆಯಲ್ಲಿ "ಡೇಟಾಬೇಸ್=" ಎಂದು ಬರೆದಿದ್ದರೆ "ಡಿಬಿನೇಮ್=" ಮಾಡಿ. ಹಳೆಯ ಡ್ರೈವರ್ ಎರಡನ್ನೂ ಒಪ್ಪುತ್ತಿತ್ತು. ಹೊಸದು ಲಿಬ್‌ಪಿಕ್ಯೂಗೆ ಗೊತ್ತಿರುವ ಹೆಸರನ್ನಷ್ಟೇ ಒಪ್ಪುತ್ತದೆ. ಸೆಟ್_ಸೆಷನ್ ಬದಲು ಐಸೊಲೇಷನ್_ಲೆವೆಲ್, ರೀಡ್_ಓನ್ಲಿ, ಆಟೋಕಮಿಟ್ ಇವನ್ನು ಕನೆಕ್ಷನ್ ಮೇಲೆ ಒಂದೊಂದಾಗಿ ಇಡಬೇಕು.

ಇನ್ನು "ವಿತ್ ಕನೆಕ್ಷನ್:" ಬ್ಲಾಕ್. ಇಲ್ಲಿ ನಿಧಾನವಾಗಿ ಓದಿ. ಸೈಕೋಪಿಜಿ2ರಲ್ಲಿ ಈ ಬ್ಲಾಕ್ ಮುಗಿದಾಗ ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಆಜ್ಞೆಗಳ ಗುಂಪು) ಮಾತ್ರ ಕಮಿಟ್ ಆಗುತ್ತಿತ್ತು, ಅಂದರೆ ಖಾಯಂ ಆಗುತ್ತಿತ್ತು, ಕನೆಕ್ಷನ್ ತೆರೆದೇ ಇರುತ್ತಿತ್ತು. ಸೈಕೋಪಿಜಿ 3ರಲ್ಲಿ ಕಮಿಟ್ ಆಗಿ ಕನೆಕ್ಷನ್ನೂ ಮುಚ್ಚಿಹೋಗುತ್ತದೆ. ಒಂದೇ ಕನೆಕ್ಷನ್ ಇಟ್ಟುಕೊಂಡು ಲೂಪ್‌ನಲ್ಲಿ ಮತ್ತೆಮತ್ತೆ "ವಿತ್" ಬಳಸುವ ಕೋಡ್ ಎರಡನೆಯ ಸುತ್ತಿನಲ್ಲೇ "ಕನೆಕ್ಷನ್ ಮುಚ್ಚಿದೆ" ಎಂದು ನಿಲ್ಲುತ್ತದೆ.

ಅದಕ್ಕೆ ಪರ್ಯಾಯ "ವಿತ್ ಕನೆಕ್ಷನ್.ಟ್ರಾನ್ಸಾಕ್ಷನ್():" ಎಂಬ ಬ್ಲಾಕ್. ಆದರೆ ಕಣ್ಣುಮುಚ್ಚಿ ಬದಲಾಯಿಸಿದರೆ ಇದಕ್ಕಿಂತ ಕೆಟ್ಟ ತೊಂದರೆಗೆ ಸಿಕ್ಕಿಬೀಳುತ್ತೀರಿ. ಈ ನಾಲ್ಕು ಸಾಲು ನೋಡಿ:

ಕನ್ = ಸೈಕೋಪಿಜಿ.ಕನೆಕ್ಟ್(...)
ಕನ್.ಎಕ್ಸಿಕ್ಯೂಟ್("ಸೆಲೆಕ್ಟ್ ದರ ಫ್ರಂ ದರಪಟ್ಟಿ")
ವಿತ್ ಕನ್.ಟ್ರಾನ್ಸಾಕ್ಷನ್():
    ಕನ್.ಎಕ್ಸಿಕ್ಯೂಟ್("ಇನ್ಸರ್ಟ್ ಇಂಟು ಬಿಲ್ ...")

ಎರಡನೆಯ ಸಾಲಿನ ಸೆಲೆಕ್ಟ್ ಓಡಿದಾಗಲೇ ಡ್ರೈವರ್ ಒಂದು ಟ್ರಾನ್ಸಾಕ್ಷನ್ ಶುರುಮಾಡಿರುತ್ತದೆ. ಆದ್ದರಿಂದ ಮೂರನೆಯ ಸಾಲಿನ ಬ್ಲಾಕ್ ಸ್ವತಂತ್ರ ಟ್ರಾನ್ಸಾಕ್ಷನ್ ಆಗದೆ ಅದರೊಳಗಿನ ಒಂದು ಸೇವ್‌ಪಾಯಿಂಟ್ (ಬೇಕಾದರೆ ಹಿಂದಿರುಗಬಹುದಾದ ಗುರುತು) ಆಗುತ್ತದೆ. ಬ್ಲಾಕ್ ಮುಗಿಯಿತು, ಎರರ್ ಇಲ್ಲ, ಆದರೆ ಹೊರಗಿನ ಟ್ರಾನ್ಸಾಕ್ಷನ್ ಕಮಿಟ್ ಆಗಿಲ್ಲ. ಯಾರೂ ಕಮಿಟ್ ಮಾಡದೆ ಪ್ರೋಗ್ರಾಂ ಮುಗಿದರೆ ಆ ಬಿಲ್ ಡೇಟಾಬೇಸ್‌ನಲ್ಲಿ ಇರುವುದೇ ಇಲ್ಲ. ಸೆಲೆಕ್ಟ್ ಇಲ್ಲದಿದ್ದರೆ ಇದೇ ಕೋಡ್ ಸರಿಯಾಗಿ ಓಡುತ್ತದೆ, ಹಾಗಾಗಿ ಟೆಸ್ಟ್‌ನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ನಮ್ಮ ಸಲಹೆ ಸ್ಪಷ್ಟ: ಹೆಚ್ಚು ಹೊತ್ತು ತೆರೆದಿರುವ ಕನೆಕ್ಷನ್ ಆದರೆ ಕನೆಕ್ಟ್ ಮಾಡುವಾಗಲೇ ಆಟೋಕಮಿಟ್=ಟ್ರೂ ಕೊಡಿ (ಆಗ ಬ್ಲಾಕ್ ಹೊರಗಿನ ಪ್ರತಿ ಆಜ್ಞೆ ತಾನೇ ಕಮಿಟ್ ಆಗುತ್ತದೆ), ಬರೆಯುವ ಕೆಲಸವನ್ನೆಲ್ಲ ಟ್ರಾನ್ಸಾಕ್ಷನ್ ಬ್ಲಾಕ್ ಒಳಗೆ ಇಡಿ. ಆಗ ಹೊರಗಿನ ಬ್ಲಾಕ್ ಯಾವಾಗಲೂ ನಿಜವಾದ ಟ್ರಾನ್ಸಾಕ್ಷನ್, ಅದರೊಳಗಿನದು ಮಾತ್ರ ಸೇವ್‌ಪಾಯಿಂಟ್.

ಹಂತ 4: ಕ್ವೆರಿಗಳನ್ನು ತಿದ್ದುವುದು

ಕೆಲಸದ ಬಹುಪಾಲು ಇರುವುದು ಇಲ್ಲೇ. ಸರ್ವರ್ $1 ಎಂಬುದನ್ನು ಮೌಲ್ಯವೊಂದು ಬರಬಹುದಾದ ಜಾಗದಲ್ಲಿ ಮಾತ್ರ ಒಪ್ಪುತ್ತದೆ. ವಾಕ್ಯರಚನೆಯ ಭಾಗವಾಗಿ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಗುವುದು "ಇನ್". ಹಳೆಯ ಕೋಡ್‌ನಲ್ಲಿ "ವೇರ್ ಐಡಿ ಇನ್ %ಎಸ್" ಎಂದು ಬರೆದು ಟಪಲ್ ಕೊಟ್ಟರೆ ನಡೆಯುತ್ತಿತ್ತು. ಈಗ "ಸಿಂಟ್ಯಾಕ್ಸ್ ಎರರ್ ಅಟ್ ಆರ್ ನಿಯರ್ $1" ಬರುತ್ತದೆ. ಹೀಗೆ ಬದಲಾಯಿಸಿ, ಟಪಲ್ ಬದಲು ಲಿಸ್ಟ್ ಕೊಡಿ:

ವೇರ್ ಐಡಿ = ಎನಿ(%ಎಸ್)

"ನಾಟ್ ಇನ್" ಇದ್ದರೆ "<> ಆಲ್(%ಎಸ್)". ಇದರಿಂದ ಇನ್ನೊಂದು ಲಾಭವೂ ಇದೆ. ಖಾಲಿ ಟಪಲ್ ಕೊಟ್ಟಾಗ ಹಳೆಯ ಕ್ವೆರಿ ಸಿಂಟ್ಯಾಕ್ಸ್ ಎರರ್ ಆಗುತ್ತಿತ್ತು. ಖಾಲಿ ಲಿಸ್ಟ್ ಕೊಟ್ಟ "ಎನಿ" ಸಾಲುಗಳಿಲ್ಲದ ಉತ್ತರ ಕೊಡುತ್ತದೆ, ಅಷ್ಟೇ. ಖಾಲಿಯೇ ಎಂದು ನೋಡಲು ಬರೆದಿದ್ದ ಇಫ್‌ಗಳನ್ನು ತೆಗೆಯಬಹುದು. ಕಾಲಂ ಯುಯುಐಡಿ ಅಥವಾ ಈನಮ್ ಬಗೆಯದಾದರೆ "%ಎಸ್::ಯುಯುಐಡಿ[]" ಎಂದು ಬಗೆಯನ್ನೂ ಬರೆದುಬಿಡಿ.

"ಈಸ್ %ಎಸ್" ಬರೆದು ನನ್ ಅಥವಾ ಟ್ರೂ ಕಳಿಸುತ್ತಿದ್ದರೆ "ಈಸ್ ನಾಟ್ ಡಿಸ್ಟಿಂಕ್ಟ್ ಫ್ರಂ %ಎಸ್" ಎಂದು ಬದಲಾಯಿಸಬೇಕು.

"ಡೇಟ್ %ಎಸ್" ಎಂಬ ಬರವಣಿಗೆ ನಡೆಯುವುದಿಲ್ಲ, "%ಎಸ್::ಡೇಟ್" ನಡೆಯುತ್ತದೆ. ಇದರ ಹತ್ತಿರದ ನೆಂಟ ಇಂಟರ್ವಲ್. "ಇಂಟರ್ವಲ್ '%ಎಸ್ ಡೇಸ್'" ಎಂದು ಉದ್ಧರಣ ಚಿಹ್ನೆಯ ಒಳಗೆ ಪ್ಯಾರಾಮೀಟರ್ ತುರುಕುವ ಅಭ್ಯಾಸ ಬಹಳ ಕಡೆ ಇದೆ. ಸಂಖ್ಯೆ ಕೊಟ್ಟಾಗ ಸೈಕೋಪಿಜಿ2ರಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಈಗ ಸರ್ವರ್‌ಗೆ ಕಾಣುವುದು "$1 ಡೇಸ್" ಎಂಬ ಬರಿ ಪಠ್ಯ, ಪ್ಯಾರಾಮೀಟರ್ ಅಲ್ಲ. ಸರಿಯಾದ ರೂಪ:

ನೌ() - ಮೇಕ್_ಇಂಟರ್ವಲ್(ಡೇಸ್ => %ಎಸ್)

"ಸೆಟ್" ಮತ್ತು "ನೋಟಿಫೈ" ಆಜ್ಞೆಗಳು ಪ್ಯಾರಾಮೀಟರ್ ಒಪ್ಪುವುದೇ ಇಲ್ಲ. ಅವುಗಳ ಫಂಕ್ಷನ್ ರೂಪ ಬಳಸಿ: "ಸೆಲೆಕ್ಟ್ ಸೆಟ್_ಕಾನ್ಫಿಗ್('ಟೈಮ್‌ಝೋನ್', %ಎಸ್, ಫಾಲ್ಸ್)" ಮತ್ತು "ಸೆಲೆಕ್ಟ್ ಪಿಜಿ_ನೋಟಿಫೈ(%ಎಸ್, %ಎಸ್)". ಕ್ರಿಯೇಟ್ ಟೇಬಲ್‌ನ ಡಿಫಾಲ್ಟ್ ಮೌಲ್ಯದಂಥ ಕಡೆ ಫಂಕ್ಷನ್ ರೂಪ ಇಲ್ಲ. ಅಲ್ಲಿ ಸೈಕೋಪಿಜಿ.ಎಸ್‌ಕ್ಯೂಎಲ್ ಮಾಡ್ಯೂಲ್‌ನ "ಲಿಟರಲ್" ಬಳಸಿ ಕ್ವೆರಿ ಕಟ್ಟಿ. ಎಫ್‌-ಸ್ಟ್ರಿಂಗ್‌ಗೆ ಕೈಹಾಕಬೇಡಿ, ಇಂಜೆಕ್ಷನ್‌ಗೆ (ಹೊರಗಿನವರು ಕ್ವೆರಿಯೊಳಗೆ ತಮ್ಮ ಆಜ್ಞೆ ನುಸುಳಿಸುವುದಕ್ಕೆ) ಬಾಗಿಲು ತೆರೆಯುವುದೇ ಅಂಥ "ಸದ್ಯಕ್ಕಿರಲಿ" ಸಾಲುಗಳಿಂದ.

ಒಂದೇ ಎಕ್ಸಿಕ್ಯೂಟ್‌ನಲ್ಲಿ ಅರ್ಧವಿರಾಮ ಹಾಕಿ ಎರಡು ಆಜ್ಞೆ ಬರೆದು, ಜೊತೆಗೆ ಪ್ಯಾರಾಮೀಟರ್ ಕೊಟ್ಟಿದ್ದರೆ "ಕೆನಾಟ್ ಇನ್ಸರ್ಟ್ ಮಲ್ಟಿಪಲ್ ಕಮಾಂಡ್ಸ್ ಇಂಟು ಎ ಪ್ರಿಪೇರ್ಡ್ ಸ್ಟೇಟ್‌ಮೆಂಟ್" ಎಂಬ ಎರರ್. ಎರಡು ಕರೆಗಳಾಗಿ ಒಡೆಯಿರಿ. ಪ್ಯಾರಾಮೀಟರ್ ಇಲ್ಲದಿದ್ದರೆ ಒಟ್ಟಿಗೆ ಓಡುತ್ತವೆ, ಆದರೆ ಹಳೆಯದು ಕೊನೆಯ ಆಜ್ಞೆಯ ಫಲಿತಾಂಶ ಕೊಡುತ್ತಿತ್ತು, ಹೊಸದು ಮೊದಲನೆಯದನ್ನು ಕೊಡುತ್ತದೆ. ಮುಂದಿನದಕ್ಕೆ ನೆಕ್ಸ್ಟ್‌ಸೆಟ್() ಕರೆಯಬೇಕು.

ಕಾಲ್‌ಪ್ರಾಕ್ ಇಲ್ಲ. ಫಂಕ್ಷನ್ ಆದರೆ "ಸೆಲೆಕ್ಟ್ * ಫ್ರಂ ಹೆಸರು(%ಎಸ್)", ಪ್ರೊಸೀಜರ್ ಆದರೆ "ಕಾಲ್ ಹೆಸರು(%ಎಸ್)".

ಹಂತ 5: ಮೌಲ್ಯದ ಬಗೆ ಈಗ ಲೆಕ್ಕಕ್ಕೆ ಬರುತ್ತದೆ

ಮೊದಲು 12.345 ಎಂಬ ಫ್ಲೋಟ್ ಕ್ವೆರಿಯಲ್ಲಿ ಬರಿ ಅಂಕಿಯಾಗಿ ಕೂರುತ್ತಿತ್ತು, ಪೋಸ್ಟ್‌ಗ್ರೆಸ್ ಅದನ್ನು ನ್ಯೂಮರಿಕ್ ಎಂದು ಓದುತ್ತಿತ್ತು. ಈಗ ಅದು ಡಬಲ್ ಪ್ರಿಸಿಷನ್ ಎಂಬ ಹಣೆಪಟ್ಟಿ ಹಚ್ಚಿಕೊಂಡೇ ಹೋಗುತ್ತದೆ. ಪರಿಣಾಮ: "ರೌಂಡ್(%ಎಸ್, 2)" ಇದ್ದಕ್ಕಿದ್ದಂತೆ "ಅಂಥ ಫಂಕ್ಷನ್ ಇಲ್ಲ" ಎನ್ನುತ್ತದೆ, ಏಕೆಂದರೆ ಎರಡು ಆರ್ಗ್ಯುಮೆಂಟ್‌ನ ರೌಂಡ್ ಇರುವುದು ನ್ಯೂಮರಿಕ್‌ಗೆ ಮಾತ್ರ. "%ಎಸ್::ನ್ಯೂಮರಿಕ್" ಎಂದು ಬರೆಯಿರಿ, ಇಲ್ಲವೇ ಪೈಥಾನ್‌ನಲ್ಲೇ ಡೆಸಿಮಲ್ ಬಳಸಿ. ಹಣದ ಲೆಕ್ಕವಾದರೆ ಡೆಸಿಮಲ್ಲೇ ಸರಿ.

ಪೂರ್ಣಾಂಕಗಳಲ್ಲೂ ಹೀಗೇ. ಹೊಸ ಡ್ರೈವರ್ ಮೌಲ್ಯದ ಗಾತ್ರ ನೋಡಿ ಸ್ಮಾಲ್‌ಇಂಟ್, ಇಂಟಿಜರ್, ಬಿಗ್‌ಇಂಟ್, ನ್ಯೂಮರಿಕ್ ಇವುಗಳಲ್ಲಿ ಒಂದನ್ನು ಆರಿಸುತ್ತದೆ. "ಸೆಲೆಕ್ಟ್ %ಎಸ್ * %ಎಸ್" ಕ್ವೆರಿಗೆ 300 ಮತ್ತು 200 ಕೊಟ್ಟು ನೋಡಿ. ಎರಡೂ ಸ್ಮಾಲ್‌ಇಂಟ್, ಗುಣಲಬ್ಧ 60000, ಸ್ಮಾಲ್‌ಇಂಟ್‌ನ ಮಿತಿ 32767: "ಸ್ಮಾಲ್‌ಇಂಟ್ ಔಟ್ ಆಫ್ ರೇಂಜ್". ಚಿಕ್ಕ ಸಂಖ್ಯೆಗಳಿಂದ ಮಾಡಿದ ಟೆಸ್ಟ್ ಪಾಸಾಗುತ್ತದೆ, ದೊಡ್ಡ ಆರ್ಡರ್ ಬಂದ ದಿನ ಬೀಳುತ್ತದೆ. ಪ್ಯಾರಾಮೀಟರ್‌ಗಳ ನಡುವೆಯೇ ಲೆಕ್ಕ ಇದ್ದಲ್ಲೆಲ್ಲ "::ಇಂಟ್" ಅಥವಾ "::ಬಿಗ್‌ಇಂಟ್" ಸೇರಿಸಿ.

ಸ್ಟ್ರಿಂಗ್‌ಗಳು ಮಾತ್ರ ಬಗೆ ಹೇಳದೆ ಹೋಗುತ್ತವೆ, ಸರ್ವರ್ ಸಂದರ್ಭ ನೋಡಿ ಊಹಿಸುತ್ತದೆ. ಊಹಿಸಲಾಗದ ಕಡೆ "ಕುಡ್ ನಾಟ್ ಡಿಟರ್ಮಿನ್ ಡೇಟಾ ಟೈಪ್ ಆಫ್ ಪ್ಯಾರಾಮೀಟರ್ $1" ಬರುತ್ತದೆ. ಹುಡುಕಾಟದ ಪುಟಗಳಲ್ಲಿ ಎಲ್ಲರೂ ಬರೆಯುವ "(%ಎಸ್ ಈಸ್ ನಲ್ ಆರ್ ಊರು = %ಎಸ್)" ಎಂಬ ಐಚ್ಛಿಕ ಫಿಲ್ಟರ್ ಇದಕ್ಕೆ ಸಿಕ್ಕಿಬೀಳುವ ಮೊದಲ ಗಿರಾಕಿ. ಮೊದಲ %ಎಸ್ ಪಕ್ಕದಲ್ಲಿ "::ಟೆಕ್ಸ್ಟ್" ಬರೆದರೆ ಮುಗಿಯಿತು.

ಜೇಸನ್ ಕಾಲಂಗೆ ಡಿಕ್ಷನರಿ ಕಳಿಸುವಾಗ ಎಕ್ಸ್‌ಟ್ರಾಸ್‌ನ ಜೇಸನ್ ಬದಲು ಸೈಕೋಪಿಜಿ.ಟೈಪ್ಸ್.ಜೇಸನ್‌ನಿಂದ ಜೇಸನ್‌ಬಿ ಸುತ್ತಿ ಕಳಿಸಿ. ಯುಯುಐಡಿಗೆ ಈಗ ರಿಜಿಸ್ಟರ್ ಮಾಡುವ ಅಗತ್ಯವಿಲ್ಲ.

ತಿದ್ದಲು ಸಮಯವೇ ಇಲ್ಲದ ಹಳೆಯ ಮಾಡ್ಯೂಲ್ ಇದ್ದರೆ, 3.1ರಿಂದ "ಕ್ಲೈಂಟ್‌ಕರ್ಸರ್" ಇದೆ. ಕನೆಕ್ಟ್ ಮಾಡುವಾಗ ಕರ್ಸರ್_ಫ್ಯಾಕ್ಟರಿಗೆ ಅದನ್ನು ಕೊಟ್ಟರೆ ಮೌಲ್ಯಗಳನ್ನು ಹಳೆಯ ರೀತಿಯಲ್ಲೇ ಕ್ಲೈಂಟ್ ಕಡೆಯಲ್ಲಿ ತುಂಬುತ್ತದೆ. ಮೌಲ್ಯ ತುಂಬಿದ ಕ್ವೆರಿಯನ್ನು ತೋರಿಸುವ ಮೊಗ್ರಿಫೈ ಉಳಿದಿರುವುದೂ ಅಲ್ಲೇ. ಜಾಂಗೋ ಕೂಡ ತಾನಾಗಿ ಬಳಸುವುದು ಇದನ್ನೇ. ಆದರೆ "ಇನ್ %ಎಸ್" ಇದರಲ್ಲೂ ನಡೆಯುವುದಿಲ್ಲ, ಟಪಲ್‌ನ ಅರ್ಥವೇ ಬದಲಾಗಿದೆ.

ಹಂತ 6: ರಾಶಿ ಡೇಟಾ ತುಂಬುವುದು

ಎಕ್ಸಿಕ್ಯೂಟ್_ಬ್ಯಾಚ್ ಮತ್ತು ಎಕ್ಸಿಕ್ಯೂಟ್_ವ್ಯಾಲ್ಯೂಸ್ ಇದ್ದಲ್ಲಿ ಎಕ್ಸಿಕ್ಯೂಟ್‌ಮೆನಿ ಬಳಸಿ. ಸೈಕೋಪಿಜಿ2ರಲ್ಲಿ ಅದು ಒಂದೊಂದು ಸಾಲಿಗೂ ಸರ್ವರ್ ಉತ್ತರ ಕಾಯುತ್ತಿದ್ದರಿಂದ ಎಲ್ಲರೂ ದೂರವಿಟ್ಟಿದ್ದರು. 3.1ರಿಂದ, ಲಿಬ್‌ಪಿಕ್ಯೂ 14 ಅಥವಾ ಮೇಲಿದ್ದರೆ, ಪೈಪ್‌ಲೈನ್ ಮೋಡ್‌ನಲ್ಲಿ ಕಾಯದೆ ಕಳಿಸುತ್ತಾ ಹೋಗುತ್ತದೆ. ಸರ್ವರ್ ಇನ್ನೊಂದು ಊರಿನಲ್ಲಿದ್ದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹೊಸ ಐಡಿಗಳು ವಾಪಸ್ ಬೇಕಿದ್ದರೆ ರಿಟರ್ನಿಂಗ್=ಟ್ರೂ ಕೊಟ್ಟು ನೆಕ್ಸ್ಟ್‌ಸೆಟ್ ಮೂಲಕ ಒಂದೊಂದಾಗಿ ಓದಿ.

ಸಾವಿರಾರು ಸಾಲುಗಳಾದರೆ ಕಾಪಿಯೇ ಸರಿ. ಹಳೆಯ ಕಾಪಿ_ಫ್ರಂ, ಕಾಪಿ_ಎಕ್ಸ್‌ಪರ್ಟ್ ಎಲ್ಲದರ ಜಾಗಕ್ಕೆ ಒಂದೇ ವಿಧಾನ ಬಂದಿದೆ:

ವಿತ್ ಕರ್.ಕಾಪಿ("ಕಾಪಿ ಗ್ರಾಹಕ (ಹೆಸರು, ಊರು) ಫ್ರಂ ಎಸ್‌ಟಿಡಿಇನ್") ಆಸ್ ಕಾಪಿ:
    ಫಾರ್ ಸಾಲು ಇನ್ ಸಾಲುಗಳು:
        ಕಾಪಿ.ರೈಟ್_ರೋ(ಸಾಲು)

ಟ್ಯಾಬ್, ಹೊಸಸಾಲು, ನಲ್ ಇವನ್ನೆಲ್ಲ ರೈಟ್_ರೋ ತಾನೇ ನೋಡಿಕೊಳ್ಳುತ್ತದೆ, ಸಿಎಸ್‌ವಿ ಸ್ಟ್ರಿಂಗ್ ಕಟ್ಟುವ ಹಳೆಯ ಕೋಡ್ ಅಳಿಸಿಬಿಡಿ. ಫೈಲ್ ಇದ್ದರೆ ಅದನ್ನು ತುಂಡುತುಂಡಾಗಿ ಓದಿ ಕಾಪಿ.ರೈಟ್‌ಗೆ ಕೊಡಿ. ಒಂದು ಸಾಲು ತಪ್ಪಿದ್ದರೂ ಇಡೀ ಕಾಪಿ ರದ್ದಾಗುತ್ತದೆ ಎಂಬುದು ಮೊದಲಿನಂತೆಯೇ.

ಹಂತ 7: ಸಾಲುಗಳ ರೂಪ, ಎರರ್‌ಗಳ ಹೆಸರು

ರಿಯಲ್‌ಡಿಕ್ಟ್‌ಕರ್ಸರ್ ಬದಲು ರೋ_ಫ್ಯಾಕ್ಟರಿ=ಡಿಕ್ಟ್_ರೋ, ನೇಮ್ಡ್‌ಟಪಲ್‌ಕರ್ಸರ್ ಬದಲು ನೇಮ್ಡ್‌ಟಪಲ್_ರೋ. ನಿಮ್ಮದೇ ಡೇಟಾಕ್ಲಾಸ್ ಬೇಕಿದ್ದರೆ ಕ್ಲಾಸ್_ರೋ ಇದೆ. ಎರರ್ ಹಿಡಿಯುವಲ್ಲಿ ಪಿಜಿಕೋಡ್ ಎಂದಿದ್ದದ್ದು ಈಗ ಎಸ್‌ಕ್ಯೂಎಲ್‌ಸ್ಟೇಟ್. ಎರರ್ಸ್ ಮಾಡ್ಯೂಲ್‌ನ ಯುನೀಕ್‌ವಯೊಲೇಷನ್ ಮುಂತಾದ ಹೆಸರುಗಳು ಹಾಗೆಯೇ ಇವೆ.

ಹಂತ 8: ಪೂಲ್ ಮತ್ತು ಪಿಜಿಬೌನ್ಸರ್

ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು ಬೇಕಾದಾಗ ಹಂಚುವ ಪೂಲ್ ಈಗ ಬೇರೆ ಪ್ಯಾಕೇಜ್, ಸೈಕೋಪಿಜಿ_ಪೂಲ್. ಹಳೆಯ ಪೂಲ್ ಕನೆಕ್ಷನ್ ಖಾಲಿಯಾದ ಕೂಡಲೇ ಎರರ್ ಎಸೆಯುತ್ತಿತ್ತು. ಹೊಸದು 30 ಸೆಕೆಂಡ್ ಕಾದು ಆಮೇಲೆ ಪೂಲ್‌ಟೈಮ್‌ಔಟ್ ಕೊಡುತ್ತದೆ. ವೆಬ್ ಸೇವೆಗೆ 30 ಸೆಕೆಂಡ್ ಬಹಳ ಉದ್ದ, 5ಕ್ಕೋ 10ಕ್ಕೋ ಇಳಿಸಿ. ಮಿನ್_ಸೈಜ್ ಹೇಳದಿದ್ದರೆ 4, ಮ್ಯಾಕ್ಸ್_ಸೈಜ್ ಹೇಳದಿದ್ದರೆ ಅದೂ ಅಷ್ಟೇ, ಅಂದರೆ ಪೂಲ್ ಬೆಳೆಯುವುದಿಲ್ಲ. ಲೆಕ್ಕ ಹಾಕುವಾಗ ವರ್ಕರ್‌ಗಳನ್ನು (ವೆಬ್ ಸರ್ವರ್ ಏಕಕಾಲಕ್ಕೆ ಓಡಿಸುವ ಪ್ರೋಗ್ರಾಂ ಪ್ರತಿಗಳನ್ನು) ಮರೆಯಬೇಡಿ: 8 ವರ್ಕರ್, ತಲಾ 10 ಎಂದರೆ 80 ಕನೆಕ್ಷನ್, ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್_ಕನೆಕ್ಷನ್ಸ್ ಬದಲಾಯಿಸದಿದ್ದರೆ 100. ಗುನಿಕಾರ್ನ್‌ನಂಥ ವೆಬ್ ಸರ್ವರ್ ವರ್ಕರ್‌ಗಳನ್ನು ಫೋರ್ಕ್ ಮಾಡುವ (ಕವಲೊಡೆಸುವ) ಮೊದಲು ಪೂಲ್ ತೆರೆಯಬೇಡಿ, ಪ್ರತಿ ವರ್ಕರ್ ತನ್ನದನ್ನು ತಾನು ತೆರೆಯಲಿ. "ವಿತ್ ಪೂಲ್.ಕನೆಕ್ಷನ್()" ಬ್ಲಾಕ್ ಮುಗಿದಾಗ ಕಮಿಟ್ ಆಗಿ ಕನೆಕ್ಷನ್ ಮುಚ್ಚದೆ ಪೂಲ್‌ಗೆ ಮರಳುತ್ತದೆ, ಹಂತ 3ರ ಗೊಂದಲ ಇಲ್ಲಿಲ್ಲ.

ಪ್ರೋಗ್ರಾಂ ಮತ್ತು ಪೋಸ್ಟ್‌ಗ್ರೆಸ್ ಮಧ್ಯೆ ನಿಂತು ಕನೆಕ್ಷನ್‌ಗಳನ್ನು ಹಂಚುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಇದೆಯೇ? ಹಾಗಿದ್ದರೆ ಇದನ್ನು ತಪ್ಪದೆ ನೋಡಿ. ಸೈಕೋಪಿಜಿ 3 ಒಂದೇ ಕ್ವೆರಿ 5 ಸಲ ಓಡಿದ ಮೇಲೆ ಅದನ್ನು ಸರ್ವರ್‌ನಲ್ಲಿ ಪ್ರಿಪೇರ್ ಮಾಡಿಡುತ್ತದೆ, ಅಂದರೆ ಮತ್ತೆ ಬಳಸಲು ಒಂದು ಹೆಸರು ಕೊಟ್ಟು ಸಿದ್ಧವಾಗಿಡುತ್ತದೆ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಪ್ರತಿ ಸಲ ಬೇರೆ ಸರ್ವರ್ ಕನೆಕ್ಷನ್ ಸಿಗಬಹುದಾದ್ದರಿಂದ "ಪ್ರಿಪೇರ್ಡ್ ಸ್ಟೇಟ್‌ಮೆಂಟ್ _ಪಿಜಿ3_0 ಆಲ್ರೆಡಿ ಎಕ್ಸಿಸ್ಟ್ಸ್" ಎಂಬ ಎರರ್ ಬರುತ್ತದೆ. ಟೆಸ್ಟ್‌ನಲ್ಲಿ ಕ್ವೆರಿ 5 ಸಲ ಓಡುವುದೇ ಇಲ್ಲವಾದ್ದರಿಂದ ಇದು ನೇರ ಪ್ರೊಡಕ್ಷನ್‌ನಲ್ಲೇ ತಲೆ ಎತ್ತುತ್ತದೆ. ಕನೆಕ್ಟ್ ಕರೆಯಲ್ಲಿ ಪ್ರಿಪೇರ್_ಥ್ರೆಶೋಲ್ಡ್=ನನ್ ಕೊಟ್ಟರೆ ಪ್ರಿಪೇರ್ ಮಾಡುವುದು ನಿಲ್ಲುತ್ತದೆ. ಪಿಜಿಬೌನ್ಸರ್ 1.22, ಸೈಕೋಪಿಜಿ 3.2, ಲಿಬ್‌ಪಿಕ್ಯೂ 17 ಮೂರೂ ಇದ್ದು, ಬೌನ್ಸರ್‌ನ ಮ್ಯಾಕ್ಸ್_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್ ಹೊಂದಿಸಿದ್ದರೆ ಪ್ರಿಪೇರ್ ನಿಲ್ಲಿಸುವ ಅಗತ್ಯವಿಲ್ಲ. ಮೂರರಲ್ಲಿ ಒಂದು ಹಳೆಯದಾದರೂ ನಿಲ್ಲಿಸಿ.

ಪ್ರಿಪೇರ್ ಮಾಡಿದ "ಸೆಲೆಕ್ಟ್ *" ಇರುವಾಗ ಟೇಬಲ್‌ಗೆ ಕಾಲಂ ಸೇರಿಸಿದರೆ "ಕ್ಯಾಶ್ಡ್ ಪ್ಲಾನ್ ಮಸ್ಟ್ ನಾಟ್ ಚೇಂಜ್ ರಿಸಲ್ಟ್ ಟೈಪ್" ಬರುವುದೂ ಇದೇ ಕಾರಣಕ್ಕೆ. ಕಾಲಂಗಳ ಹೆಸರು ಬರೆಯುವ ಅಭ್ಯಾಸ ಇಟ್ಟುಕೊಳ್ಳಿ.

ಹಂತ 9: ಎರರ್ ಕೊಡದೆ ಬದಲಾಗುವವು

ಬೈಟ್‌ಎ ಕಾಲಂ ಮೊದಲು ಮೆಮೊರಿವ್ಯೂ ಆಗಿ ಬರುತ್ತಿತ್ತು, ಈಗ ಬೈಟ್ಸ್. ಟೈಮ್‌ಝೋನ್ ಇರುವ ಸಮಯಗಳು ಬರಿ +05:30 ಬದಲು ಕನೆಕ್ಷನ್‌ನ ವಲಯದ ಹೆಸರಿನೊಂದಿಗೆ, ಅಂದರೆ ಏಷ್ಯಾ/ಕೋಲ್ಕತಾ ಎಂದು ಬರುತ್ತವೆ. ವಿಂಡೋಸ್‌ನಲ್ಲಿ ಇದಕ್ಕೆ ಟಿಝಡ್‌ಡೇಟಾ ಪ್ಯಾಕೇಜ್ ಬೇಕು. ಹೆಸರಿರುವ ಸರ್ವರ್ ಕರ್ಸರ್‌ನಲ್ಲಿ ಒಂದು ಸಲಕ್ಕೆ ತರುವ ಸಾಲುಗಳು 2000 ಇದ್ದದ್ದು 100 ಆಗಿದೆ. ದೊಡ್ಡ ಟೇಬಲ್ ಓದುವ ಕೆಲಸ ಯಾಕೋ ನಿಧಾನವಾಯಿತು ಎನಿಸಿದರೆ ಐಟರ್‌ಸೈಜ್ ಹೆಚ್ಚಿಸಿ. "ಇನ್ಫಿನಿಟಿ" ಎಂಬ ದಿನಾಂಕವನ್ನು ಹಳೆಯದು ಪೈಥಾನ್‌ನ ಗರಿಷ್ಠ ದಿನಾಂಕ ಮಾಡಿ ಕೊಡುತ್ತಿತ್ತು, ಹೊಸದು ಡೇಟಾಎರರ್ ಕೊಡುತ್ತದೆ. "ಕೊನೆಯಿಲ್ಲ" ಎನ್ನಲು ಇನ್ಫಿನಿಟಿ ಬಳಸಿದ ಟೇಬಲ್‌ಗಳಿದ್ದರೆ ಅದಕ್ಕೊಂದು ಲೋಡರ್ ಬರೆದು ರಿಜಿಸ್ಟರ್ ಮಾಡಬೇಕು.

ಕನ್ನಡ ಹೆಸರುಗಳಿರುವ ಹಳೆಯ ಡೇಟಾಬೇಸ್‌ಗಳಿಗೆ ಒಂದು ವಿಶೇಷ ಎಚ್ಚರಿಕೆ. ಡೇಟಾಬೇಸ್ ಎಸ್‌ಕ್ಯೂಎಲ್_ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಸೃಷ್ಟಿಯಾಗಿದ್ದರೆ ಸೈಕೋಪಿಜಿ 3 ಪಠ್ಯವನ್ನು ಸ್ಟ್ರಿಂಗ್ ಆಗಿ ಕೊಡದೆ ಬೈಟ್ಸ್ ಆಗಿ ಕೊಡುತ್ತದೆ. "ಶಿವಮೊಗ್ಗ" ಇರಬೇಕಾದ ಕಡೆ ಉದ್ದನೆಯ ಬೈಟ್ ಸಾಲು ಕಾಣುತ್ತದೆ. ಒಳಗಿರುವುದು ನಿಜಕ್ಕೂ ಯುಟಿಎಫ್-8 ಎಂದು ಖಾತ್ರಿ ಮಾಡಿಕೊಂಡು, ಕನೆಕ್ಟ್ ಮಾಡುವಾಗ ಕ್ಲೈಂಟ್_ಎನ್‌ಕೋಡಿಂಗ್='ಯುಟಿಎಫ್8' ಕೊಡಿ.

ಹಂತ 10: ದಾಟಿಸುವ ಕ್ರಮ

ಮೊದಲು ಓದುವ ಕೆಲಸವಷ್ಟೇ ಇರುವ ಮಾಡ್ಯೂಲ್‌ಗಳು, ಆಮೇಲೆ ರಾಶಿ ತುಂಬುವವು, ಕೊನೆಗೆ ಹಣಕಾಸಿನ ಟ್ರಾನ್ಸಾಕ್ಷನ್‌ಗಳು. ಎರಡು ಡ್ರೈವರ್‌ಗಳ ಕನೆಕ್ಷನ್ ಬೇರೆಬೇರೆಯಾದ್ದರಿಂದ ಒಂದೇ ಟ್ರಾನ್ಸಾಕ್ಷನ್ ಎರಡೂ ಕಡೆ ಹರಡದಂತೆ ಗಡಿ ಹಾಕಿಕೊಳ್ಳಿ. ಜಾಂಗೋದಲ್ಲಿ ಎರಡೂ ಇನ್‌ಸ್ಟಾಲ್ ಆಗಿದ್ದರೆ ಅದು ಹೊಸದನ್ನೇ ಆರಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಪ್ಯಾಕೇಜ್ ಸೇರಿಸಿದ ದಿನವೇ ದಾಟಿದಂತೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಯುಆರ್‌ಎಲ್‌ನ ಮೊದಲ ಭಾಗವನ್ನು "ಪೋಸ್ಟ್‌ಗ್ರೆಸ್‌ಕ್ಯೂಎಲ್+ಸೈಕೋಪಿಜಿ" ಎಂದು ನೀವೇ ಬದಲಾಯಿಸಬೇಕು.

ಪ್ರತಿ ಮಾಡ್ಯೂಲ್ ದಾಟಿದ ಮೇಲೆ ಪ್ರೊಡಕ್ಷನ್‌ನಲ್ಲಿ ಪಿಜಿ_ಸ್ಟಾಟ್_ಆಕ್ಟಿವಿಟಿ ನೋಡಿ, "ಐಡಲ್ ಇನ್ ಟ್ರಾನ್ಸಾಕ್ಷನ್" ಸ್ಥಿತಿಯಲ್ಲಿ ನಿಂತ ಸಾಲುಗಳಿವೆಯೇ ಎಂದು ಪರೀಕ್ಷಿಸಿ. ಬಹಳ ಹೊತ್ತು ಹಾಗೇ ನಿಂತಿದ್ದರೆ ಹಂತ 3ರ ಸೇವ್‌ಪಾಯಿಂಟ್ ತಪ್ಪು ಎಲ್ಲೋ ಉಳಿದಿರಬಹುದು. ಆ ಸಾಲಿನ ಕ್ವೆರಿ ಕಾಲಂನಲ್ಲಿ ಕೊನೆಯದಾಗಿ ಓಡಿದ ಆಜ್ಞೆ ಕಾಣುತ್ತದೆ, ಅದನ್ನು ಹಿಡಿದು ಕೋಡ್‌ನಲ್ಲಿ ಜಾಗ ಹುಡುಕಿ. ಸೈಕೋಪಿಜಿ2ರ ಇಂಪೋರ್ಟ್ ಒಂದೂ ಉಳಿದಿಲ್ಲ ಎಂದಾದ ಮೇಲೆ ರಿಕ್ವೈರ್‌ಮೆಂಟ್ಸ್ ಫೈಲ್‌ನಿಂದ ಅದನ್ನು ತೆಗೆದು, ಖಾಲಿ ಎನ್ವಿರಾನ್‌ಮೆಂಟ್‌ನಲ್ಲಿ ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ ಟೆಸ್ಟ್‌ಗಳನ್ನು ಮತ್ತೊಮ್ಮೆ ಓಡಿಸಿ.